ಐವತ್ತೇಳನೆಯ ಮನೆ ಖಾಲಿ

ಭೀಮಾಪುರದಲ್ಲಿ ಬಾಗಿಲಿಗೆ ಅಗಳಿ ಹಾಕುವ ಕೆಲಸವನ್ನು ಮನೆಯವರ ಕೈಯಿಂದ ನಗರಾಡಳಿತ ಕಿತ್ತುಕೊಂಡು ಏಳು ವರ್ಷವಾಗಿತ್ತು. ಕಿತ್ತುಕೊಂಡಿತು ಅಂದರೆ ಸುಮ್ಮನೆ ಅಲ್ಲ. ಬಿಸಿಲು ಆ ಊರಿಗೆ ಹೊಸದಾಗಿರಲಿಲ್ಲ, ಆದರೆ ಭೀಮಾ ನದಿಗೆ ಅಡ್ಡಲಾಗಿ ಸಾಲು ಸಾಲು ಬ್ಯಾರೇಜುಗಳು ಬಂದ ಮೇಲೆ ಗಾಳಿಯಲ್ಲಿ ತೇವ ಸೇರಿಕೊಂಡಿತು. ತೇವ ಹೆಚ್ಚಾದರೆ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು ಮೂವತ್ತೈದು ಡಿಗ್ರಿ ದಾಟಿತೆಂದರೆ, ನೆರಳಿನಲ್ಲಿ ಕೈಕಟ್ಟಿ ಕೂತ ಗಟ್ಟಿಮುಟ್ಟಾದ ಮನುಷ್ಯನೂ ಐದಾರು ಗಂಟೆಯಲ್ಲಿ ಸಾಯುತ್ತಾನೆ. ಅಂಥ ಒಂದು ಮೇ ತಿಂಗಳಲ್ಲಿ ಊರಿನ ನಾನೂರು ಜನ ಹೋದರು. ಕೂಲಿಗೆ ಹೊರಟವರು, ಮದುವೆಗೆ ಹೊರಟವರು, ಏನೂ ಆಗಲ್ಲ ಬಿಡ್ರಿ ಎಂದು ಹೊರಟವರು.

ಆಮೇಲೆ ‘ನೆರಳು’ ಯೋಜನೆ ಬಂತು. ನದಿ ದಂಡೆಯಲ್ಲಿ ಎತ್ತರದ ತಂಪುಗೋಪುರ ಎದ್ದಿತು. ಅಲ್ಲಿ ತಣ್ಣಗಾದ ನೀರು ಪೈಪುಗಳಲ್ಲಿ ಹೊರಟು ಪ್ರತಿ ಮನೆಯ ಗೋಡೆ, ಮಾಳಿಗೆಗಳೊಳಗೆ ಸುತ್ತಿ ವಾಪಸು ಹೋಗುತ್ತಿತ್ತು. ತಂಪು ಇಷ್ಟೇ, ಜನ ಅಷ್ಟು. ಹಾಗಾಗಿ ಅದಕ್ಕೂ ರೇಷನ್ನು. ಬಾಗಿಲು ತೆರೆದಷ್ಟೂ ತಂಪು ಸೋರುತ್ತದೆಂದು ಅಪಾಯದ ದಿನ ಊರಿನ ಬಾಗಿಲುಗಳಿಗೆಲ್ಲ ಒಟ್ಟಿಗೇ ಅಗಳಿ ಬೀಳುತ್ತಿತ್ತು. ಬೀಳುವ ಮೊದಲು ಮೂರು ಸಲ ಸೈರನ್ನು. ಬಿದ್ದ ಮೇಲೆ ಸಂಜೆಯವರೆಗೆ ಯಾರೂ ಹೊರಗೆ ಹೋಗುವಂತಿಲ್ಲ, ಯಾರೂ ಒಳಗೆ ಬರುವಂತಿಲ್ಲ.

ಈ ವ್ಯವಸ್ಥೆಗೆ ನಿಯಮ ಬರೆದವಳು ಇದೇ ಊರಿನ ಕುಂಬಾರ ಓಣಿಯ ಹುಡುಗಿ, ಈಗ ನಲವತ್ತೆರಡರ ಇಂಜಿನಿಯರು ಮಹಾನಂದಾ. ಅವಳ ಎರಡು ನಿಯಮಗಳನ್ನು ಹೊರಗಿನ ಊರುಗಳಿಂದ ಬಂದವರು ಬರೆದುಕೊಂಡು ಹೋಗುತ್ತಿದ್ದರು. ಒಂದು, ನೀರು ಹಂಚಿ ಅಗಳಿ ಹಾಕುವ ಯಂತ್ರ ಯಾರ ಮಾತನ್ನೂ ಕೇಳಬಾರದು. ಮೊದಲ ವರ್ಷ ಮನೆಯಲ್ಲಿ ಎಷ್ಟು ಜನ ಎಂದು ಕೇಳಿದ್ದಕ್ಕೆ ನಾಲ್ಕು ಜನರ ಮನೆಯವರು ಹನ್ನೊಂದು ಎಂದಿದ್ದರು. ಸತ್ತು ಮಣ್ಣಾದ ಮಾವಂದಿರ ಹೆಸರಿನಲ್ಲೂ ತಂಪು ಹರಿದಿತ್ತು. ಬೇಸಿಗೆಯಲ್ಲಿ ಊರೆಲ್ಲ ಮಾಳಿಗೆಯ ಮೇಲೆ ಮಲಗುತ್ತದೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಗೋಪುರಕ್ಕೆ ಶಾಖ ಕಾಣುವ ಕ್ಯಾಮೆರಾ ಹಾಕಿಸಿದಳು. ಬೆಳಗಿನ ಜಾವ ನಾಲ್ಕಕ್ಕೆ, ಮಾಳಿಗೆಯ ಕಲ್ಲು ತಣ್ಣಗಾದ ಹೊತ್ತಿನಲ್ಲಿ, ಯಾವ ಮನೆಯ ಮೇಲೆ ಎಷ್ಟು ಬೆಚ್ಚಗಿನ ಮೈಗಳಿವೆಯೋ ಅಷ್ಟೇ ಜನಕ್ಕೆ ಆ ದಿನದ ನೀರು. ಎರಡು, ಒಂದೇ ಒಂದು ಬಾಗಿಲನ್ನು ಯಾವ ಅಧಿಕಾರಿಯೂ ತೆರೆಯುವಂತಿಲ್ಲ. ತೆರೆದರೆ ಇಡೀ ಓಣಿಯನ್ನು ತೆರೆಯಬೇಕು. ಮೊದಮೊದಲು ದೊಡ್ಡವರ ಮನೆಯ ಬಾಗಿಲುಗಳಷ್ಟೇ ವಶೀಲಿಯ ಮೇಲೆ ತೆರೆಯುತ್ತಿದ್ದುದನ್ನು ನೋಡಿ ಅವಳಿಗೆ ಮೈ ಉರಿದಿತ್ತು. ಈ ಎರಡನೆಯ ನಿಯಮ ಬರೆದ ದಿನ ಅವಳಿಗೆ ತನ್ನ ಬಗ್ಗೆ ಹೆಮ್ಮೆಯೆನಿಸಿತ್ತು, ಸನ್ಮಾನದ ಶಾಲನ್ನೂ ಹೊದ್ದುಕೊಂಡಿದ್ದಳು.

ಆ ದಿನ ಬೆಳಿಗ್ಗೆ ಎಂಟಕ್ಕೆ, ಡ್ಯೂಟಿಗೆ ಹೋಗುವ ದಾರಿಯಲ್ಲಿ, ಅವಳು ಅಕ್ಕ ರೇವಮ್ಮನ ಮನೆಗೆ ಹೋಗಿದ್ದಳು. ರೇವಮ್ಮ ಅವಳಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು ಮಾರಿ ತಂಗಿಯನ್ನು ಓದಿಸಿದವಳು. ಈಗಲೂ ಬಡಿಯುತ್ತಿದ್ದಳು. ನೆರಳು ಕೇಂದ್ರದ ಸಿಬ್ಬಂದಿಗೆ ಊಟದ ರೊಟ್ಟಿ ಹೋಗುತ್ತಿದ್ದುದು ಅವಳ ಒಲೆಯಿಂದಲೇ.

“ಚಹಾ ಆರ್ಲಿಕತ್ತದ, ಕುಡಿ,” ಎಂದಳು ರೇವಮ್ಮ, ಹಿಟ್ಟಿನ ಕೈಯನ್ನು ಸೆರಗಿಗೆ ತಾಗಿಸದಂತೆ ಎತ್ತಿ ಹಿಡಿದು.

“ಇವತ್ತು ಅಗಳಿ ಬೀಳ್ತದಕ್ಕ. ಹನ್ನೊಂದೂ ಕಾಲಿಗೆ.”

“ಬೀಳಲಿ ತಗೋ. ಅದರೊಳಗ ನಾ ಲಾಲಬಿ ಮನ್ಯಾಗ ಹೋಗಿ ಕುಂತಿರ್ತೀನಿ.”

“ನಿನ್ನ ಮನಿ ಬಿಟ್ಟು ಅಲ್ಲ್ಯಾಕ?”

“ಅಲ್ಲಿ ತಂಪು ಜಾಸ್ತಿ. ನಿಮ್ಮ ಮಿಷಿನ್ನಿಗೆ ಲಾಲಬಿ ಮ್ಯಾಲ ಭಾಳ ಜೀವ.”

ಇಬ್ಬರೂ ನಕ್ಕರು. ಲಾಲಬಿ ಪಕ್ಕದ ಮನೆಯವಳು; ನಡುವೆ ಒಂದೇ ಗೋಡೆ. ಒಂದೇ ಅಳತೆಯ, ಒಂದೇ ಓಣಿಯ ಎರಡು ಮನೆಗಳಲ್ಲಿ ತಂಪು ಹೆಚ್ಚು ಕಡಿಮೆ ಯಾಕಾಗುತ್ತದೆ ಎಂದು ಬೇರೆ ಯಾರು ಹೇಳಿದ್ದರೂ ಮಹಾನಂದಾ ಕೇಳುತ್ತಿದ್ದಳು. ಅಕ್ಕ ಹೇಳಿದ್ದರಿಂದ ಕೇಳಲಿಲ್ಲ. ಮನೆಯವರ ಮಾತನ್ನು ನಾವು ಮಾತೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲವಲ್ಲ. ಚಹಾ ಮುಗಿಸಿ ಎದ್ದಳು.

ನೆರಳು ಕೇಂದ್ರದಲ್ಲಿ ಆ ಹೊತ್ತಿಗೆ ಇಪ್ಪತ್ತೆರಡು ಜನ. ಹತ್ತು ಗಂಟೆಗೆ ಹೊಸ ಅಂದಾಜು ಬಂತು: ಅಗಳಿ ನಾಲ್ಕಕ್ಕಲ್ಲ, ಸಂಜೆ ಆರಕ್ಕೆ ಏಳುತ್ತದೆ. ಅಂದರೆ ಸಿಬ್ಬಂದಿಗೆ ಇನ್ನೊಂದು ಹೊತ್ತಿನ ಊಟ ಬೇಕು. ಮಹಾನಂದಾ ಅಕ್ಕನಿಗೆ ಫೋನು ಮಾಡಿದಳು.

“ಇನ್ನೊಂದು ಮೂವತ್ತು ರೊಟ್ಟಿ ಆಗ್ತಾವೇನಕ್ಕ?”

“ಮೂವತ್ತು ಏನು ದೊಡ್ಡ ಮಾತು. ಗಾಡಿ ಕಳಿಸು.”

ಬ್ಯಾಟರಿ ಗಾಡಿ ಹನ್ನೊಂದಕ್ಕೆ ಓಣಿಯಿಂದ ಹೊರಟು ಹನ್ನೊಂದೂ ಹತ್ತಕ್ಕೆ ಕೇಂದ್ರ ಸೇರಿತು. ರೊಟ್ಟಿ ಇನ್ನೂ ಬಿಸಿಯಿದ್ದವು. ಐದು ನಿಮಿಷದ ನಂತರ ಊರಿನ ಬಾಗಿಲುಗಳೆಲ್ಲ ಒಮ್ಮೆಲೇ ಬಿಗಿದುಕೊಂಡವು.

ಹನ್ನೊಂದೂ ನಲವತ್ತಕ್ಕೆ ಅಕ್ಕನ ಫೋನು ಬಂತು.

“ಏ ಮಾನಂದಾ, ನಮ್ಮ ಮನ್ಯಾಗ ನೀರು ಹರಿಯೋ ಸಪ್ಪಳ ಕೇಳವಲ್ದು.”

“ನೀ ಲಾಲಬಿ ಮನ್ಯಾಗಿಲ್ಲೇನು?”

“ಒಲಿ ಆರಿಸಿ ಹೋಗಬೇಕಂದೆ. ಹೊಸ್ತಿಲಕ್ಕ ಬರೂದಕ್ಕೂ ಅಗಳಿ ಬೀಳೂದಕ್ಕೂ ಸರಿ ಆತು. ಒಲಿಗಿ ನೀರು ಹಾಕೀನಿ, ಮನಿ ತುಂಬ ಉಗಿ ಕುಂತದ.”

ಮಹಾನಂದಾ ಪರದೆಯ ಮೇಲೆ ಕುಂಬಾರ ಓಣಿ ತೆರೆದಳು. ಐವತ್ತೇಳನೆಯ ಮನೆ: ಖಾಲಿ. ಜನ: ಸೊನ್ನೆ. ನೀರು: ಸೊನ್ನೆ. ಐವತ್ತೆಂಟು, ಲಾಲಬಿಯ ಮನೆ: ಜನ ಹತ್ತು. ಲಾಲಬಿ ಒಂಟಿ ಮುದುಕಿ. ಅವಳ ಮನೆಯಲ್ಲಿ ಹತ್ತು ಜನ ಎಲ್ಲಿಂದ ಬಂದರು?

“ಅಕ್ಕ, ರಾತ್ರಿ ನೀ ಎಲ್ಲಿ ಮಲಗತಿ?”

“ಎಲ್ಲಿ ಅಂದ್ರ? ಲಾಲಬಿ ಮಾಳಿಗಿ ಮ್ಯಾಲ. ಒಂಬತ್ತು ಮಂದಿನೂ ಅಲ್ಲೇ ಮಲಗತೀವಿ. ನಿಮ್ಮ ಗೋಪುರ ಎದ್ದ ಮ್ಯಾಲ ನಮ್ಮ ಮಾಳಿಗಿಗೆ ಹೊಳಿ ಗಾಳಿ ಎಲ್ಲಿ ಬರ್ತದ? ಅಕಿ ಮನಿ ದಿಬ್ಬದ ಮ್ಯಾಲದ, ಸ್ವಲ್ಪ ಆಡ್ತದ.”

ಒಂಬತ್ತು ಜನ. ಗಂಡ ಇಲ್ಲದವರು, ಗಂಡ ದೂರದ ಕೆಲಸಕ್ಕೆ ಹೋದವರು. ಕುಂಬಾರ ಓಣಿಯ ಒಂಟಿ ಹೆಂಗಸರು ಬೇಸಿಗೆಯಲ್ಲಿ ಒಂದೇ ಮಾಳಿಗೆಯ ಮೇಲೆ ಹಾಸಿಗೆ ಹಾಸುವುದು ಮಹಾನಂದಾ ಹುಟ್ಟುವ ಮೊದಲಿನಿಂದ ಇದ್ದ ರೂಢಿ. ಅವಳೇ ಹತ್ತು ವರ್ಷದವಳಿದ್ದಾಗ ಅವರ ನಡುವೆ ಮಲಗಿ ಹರಟೆ ಕೇಳುತ್ತ ನಿದ್ದೆ ಹೋಗಿದ್ದಾಳೆ. ಮಾಳಿಗೆಯ ಮೇಲೆ ಮಲಗುತ್ತಾರೆಂಬುದು ಅವಳಿಗೆ ನೆನಪಿತ್ತು. ಯಾರ ಮಾಳಿಗೆ ಎಂಬುದು ಮರೆತಿತ್ತು. ಯಂತ್ರ ಒಂಬತ್ತು ಮನೆಗಳನ್ನು ಖಾಲಿ ಎಂದು ಬರೆದುಕೊಂಡು, ಅವರ ಪಾಲಿನ ತಂಪನ್ನೆಲ್ಲ ಲಾಲಬಿಗೆ ಕೊಟ್ಟಿತ್ತು. ಅಗಳಿಯ ದಿನ ಹೆಂಗಸರು ಲಾಲಬಿಯ ಮನೆಗೇ ಹೋಗಿ ಕೂರುತ್ತಿದ್ದರಿಂದ ಈ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಖಾಲಿ ಮನೆಗೆ ಕಳ್ಳರು ನುಗ್ಗಬಾರದೆಂದು ಅಗಳಿ ಮಾತ್ರ ತಪ್ಪದೆ ಬೀಳುತ್ತಿತ್ತು.

ಅವಳು ಆಂಬ್ಯುಲೆನ್ಸಿಗೆ ಹೇಳಿದಳು. ಖಾಲಿ ಮನೆಗೆ ಆಂಬ್ಯುಲೆನ್ಸ್ ಹೊರಡುವುದಿಲ್ಲ. ಅಗ್ನಿಶಾಮಕದವರ ತಂಪು ಅಂಗಿಗಳು ಊರಿಗೆ ಮೂರೇ ಮೂರು. ಅವು ಎಲ್ಲಿ ಹೋಗಬೇಕೆಂದು ಹೇಳುವುದೂ ಯಂತ್ರವೇ, ಅದಕ್ಕೂ ಆ ಮನೆ ಖಾಲಿ. ಮರುಎಣಿಕೆ ಮಾಡಿಸಬಹುದಿತ್ತು. ಬೆರಳನ್ನು ಆ ಗುಂಡಿಯವರೆಗೆ ಒಯ್ದು ತಟ್ಟನೆ ಹಿಂದೆಳೆದುಕೊಂಡಳು. ನಡುಹಗಲಿನಲ್ಲಿ ಯಾವ ಮಾಳಿಗೆಯ ಮೇಲೂ ಯಾರೂ ಇಲ್ಲ. ಇದ್ದರೂ ಮಾಳಿಗೆಯ ಕಲ್ಲು ಅರವತ್ತು ಡಿಗ್ರಿ, ಮನುಷ್ಯನ ಮೈ ಮೂವತ್ತೇಳು. ಬೆಚ್ಚಗಿದ್ದದ್ದನ್ನು ಹುಡುಕುವ ಕ್ಯಾಮೆರಾಕ್ಕೆ ಮನುಷ್ಯ ಕಾಣುವುದೇ ಇಲ್ಲ. ಈಗ ಎಣಿಸಿದರೆ ಇಡೀ ಓಣಿ ಸೊನ್ನೆಯಾಗಿ ಎಲ್ಲರ ನೀರೂ ನಿಲ್ಲುತ್ತಿತ್ತು.

ಉಳಿದದ್ದು ಓಣಿಯ ಕೀಲಿ. ಅದಕ್ಕೆ ಇಬ್ಬರು ಬೇಕು. ಮುಖ್ಯಾಧಿಕಾರಿ ಸಿದ್ರಾಮಪ್ಪ ಎದ್ದು ಬಂದು ಪರದೆ ನೋಡಿದರು, ಅವಳ ಮುಖ ನೋಡಿದರು. ಕೊರಳಿನ ದಾರದಿಂದ ತಮ್ಮ ಕೀಲಿ ತೆಗೆದು ತೂತಿಗೆ ಹಾಕಿದರು.

“ನಂದು ಹಾಕೀನ್ರಿ ಮೇಡಂ. ನಿಮ್ಮದು ನಿಮಗ ಬಿಟ್ಟದ್ದು.”

ಓಣಿಯ ಅಗಳಿ ಎತ್ತಿದರೆ ನೀರಿನ ಬಾಯಿ ತಾನಾಗಿ ಮುಚ್ಚುತ್ತದೆ. ಮತ್ತೆ ಹರಿಯಲು ನಲವತ್ತು ನಿಮಿಷ ಬೇಕು. ನೂರಾ ಹದಿನೆಂಟು ಮನೆ, ಆರು ನೂರು ಜನ. ಅರವತ್ತೊಂದನೆಯ ಮನೆಯಲ್ಲಿ ಈರವ್ವನ ಮಗಳು ಹೆತ್ತು ಐದು ದಿನವಾಗಿತ್ತು. ಎಂಬತ್ತರಲ್ಲಿ ತಿಪ್ಪಣ್ಣ ಆಮ್ಲಜನಕದ ಮೇಲಿದ್ದ. ಅವರ ಮುಖಗಳೆಲ್ಲ ಅವಳಿಗೆ ಗೊತ್ತಿದ್ದವು, ಅದೇ ಕಷ್ಟವಾಯಿತು. ಬೇರೆ ಊರಿನ ಇಂಜಿನಿಯರಾಗಿದ್ದರೆ ತಿರುಗಿಸಿಬಿಡುತ್ತಿದ್ದಳೇನೋ.

“ಅಕ್ಕ, ಓಣಿ ತೆಗೀತೀನಿ. ಎರಡು ನಿಮಿಷದಾಗ ನೀ ಲಾಲಬಿ ಮನಿಗೆ ಓಡು.”

“ಹುಚ್ಚಿ ಏನು? ಈರವ್ವನ ಮನ್ಯಾಗ ಹಸಿಗೂಸದ. ತೆಗೀಬ್ಯಾಡ.”

“ಮತ್ತ ಏನು ಮಾಡಲಿ, ಹೇಳು!”

“ನಂಗೇನು ಕೇಳ್ತಿ. ಓದಿದಾಕಿ ನೀನು.” ರೇವಮ್ಮನ ಉಸಿರು ಜೋರಾಗಿ ಕೇಳುತ್ತಿತ್ತು. “ತಲಿ ಭಾಳ ಸುತ್ತಲಿಕತ್ತದ. ಲಾಲಬಿ ಕಡಿ ಗೋಡಿಗೆ ಒರಗಿ ಕುಂದರ್ತೀನಿ.”

ಆಮೇಲೆ ಫೋನಿನಲ್ಲಿ ಮಾತು ಬರಲಿಲ್ಲ. ಮಹಾನಂದಾ ಎರಡು ಸಲ ಕೂಗಿದಳು. ಕೀಲಿ ಅವಳ ಕೈಯಲ್ಲಿತ್ತು, ತಿರುಗಿಸಲಾಗಲಿಲ್ಲ. ತನ್ನನ್ನು ತಾನೇ ಕೊಂದುಕೊಳ್ಳಬೇಕೆನಿಸುವಷ್ಟು ಸಿಟ್ಟು ಬಂತು. ಈ ಬಾಗಿಲನ್ನು ಇಷ್ಟು ಗಟ್ಟಿಯಾಗಿ ಮುಚ್ಚಿದವಳು ತಾನೇ. ಯಾರೂ ನುಸುಳಬಾರದೆಂದು ಒಂದೊಂದು ಸಂದಿಯನ್ನೂ ಹುಡುಕಿ ಮುಚ್ಚಿದ್ದಳು. ಮೊದಲು ಹೊಗೆ ಬಂದರೆ ಬಾಗಿಲು ತೆರೆಯುತ್ತಿತ್ತು. ಜನ ಬೇಕೆಂದೇ ಲೋಬಾನ ಹಾಕುತ್ತಾರೆಂದು ಅದನ್ನೂ ತೆಗೆಸಿದವಳು ಅವಳೇ.

ಬಾಗಿಲು ನಗರಾಡಳಿತದ್ದು. ಆದರೆ ಗೋಡೆ? ಗೋಡೆ ಅಜ್ಜನ ಕಾಲದ್ದು, ಮಣ್ಣು ಕಲ್ಲಿನದು.

ಅವಳು ಲಾಲಬಿಗೆ ಫೋನು ಮಾಡಿದಳು. ಹಿಂದೆ ಹೆಂಗಸರ ಗದ್ದಲ ಕೇಳಿಸುತ್ತಿತ್ತು. ರೇವಮ್ಮ ಯಾಕೆ ಬರಲಿಲ್ಲ ಎಂದು ಅಲ್ಲಿ ಆಗಲೇ ಜಗಳ ನಡೆದಿತ್ತು.

“ಖಾಲಾ, ನಡುಗೋಡಿ ಒಡೀರಿ.”

“ಒಡೀಬಹುದು ಬೇಟಿ, ಆದ್ರ ಗೋಡ್ಯಾಗ ನಿಮ್ಮ ಪೈಪ್ ಅದಾವಲ್ಲ. ಒಡದ್ರ ನಮ್ಮ ನೀರೂ ಹೋಗ್ತದ.”

ಪೈಪು ಗೋಡೆಯಲ್ಲಿ ಎಲ್ಲಿ ಹೋಗುತ್ತದೆ ಎಂಬುದು ಗುಟ್ಟು. ಜನ ಕೊರೆದು ತಣ್ಣೀರು ಕದಿಯುತ್ತಾರೆಂದು ಆ ನಕ್ಷೆಯನ್ನು ಹೊರಗೆ ಹೇಳಿದವರಿಗೆ ಜೈಲು. ಕೇಂದ್ರದ ಫೋನಿನಲ್ಲಿ ಆಡಿದ ಪ್ರತಿ ಮಾತೂ ದಾಖಲಾಗುತ್ತದೆ. ಮಹಾನಂದಾ ಇಪ್ಪತ್ತೊಂದು ಜನರೆದುರು ಗಟ್ಟಿಯಾಗಿ ಹೇಳಿದಳು.

“ನೆಲದಿಂದ ಒಂದೂವರಿ ಫೂಟಿನ ತನಕ ಪೈಪಿಲ್ಲ. ಕೆಳಗಷ್ಟೇ ಒಡೀರಿ. ಮ್ಯಾಲ ಒಂದು ಬೆರಳೂ ಹೋಗಬ್ಯಾಡ್ರಿ. ಬಾಗಲದ ಕಡಿಯಿಂದ ಐದು ಹೆಜ್ಜಿ ಬಿಟ್ಟು.”

ಸಿದ್ರಾಮಪ್ಪ ತಮ್ಮ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಹಳೆಯ ರಜಿಸ್ಟರೊಂದನ್ನು ಓದತೊಡಗಿದರು.

ಲಾಲಬಿಯ ಮನೆಯಲ್ಲಿ ಒಂದು ಹಾರೆ, ಎರಡು ಒನಕೆ, ಒಂದು ಖಾರ ಕುಟ್ಟುವ ಕಲ್ಲು ಇದ್ದವು. ನೆಲದ ಮಟ್ಟದಲ್ಲಿ ಒಡೆಯಬೇಕೆಂದರೆ ಕೂತು, ಬಗ್ಗಿ, ಮಗ್ಗುಲಾಗಿ ಮಲಗಿ ಹೊಡೆಯಬೇಕು. ಒಬ್ಬರು ಹೊಡೆದು ಸೋತರೆ ಇನ್ನೊಬ್ಬರು. ಫೋನನ್ನು ಯಾರೋ ನೆಲದ ಮೇಲಿಟ್ಟಿದ್ದರು. ಮಹಾನಂದಾಗೆ ಹೊಡೆತಗಳೇ ಕೇಳುತ್ತಿದ್ದವು. ಹನ್ನೆರಡೂವರೆಯಿಂದ ಕೇಳಿದಳು, ಒಂದರವರೆಗೆ ಕೇಳಿದಳು, ಎರಡರವರೆಗೂ ಕೇಳಿದಳು. ಕೇಂದ್ರದ ಬಾಗಿಲಿಗೂ ಅಗಳಿ ಇತ್ತು. ಎದ್ದು ಓಡಲು ಅವಳಿಗೂ ದಾರಿ ಇರಲಿಲ್ಲ. ಬಿಸಿ ಆರಿದ ರೊಟ್ಟಿಯ ಗಂಟು ಮೇಜಿನ ಮೇಲೆ ಬಿಚ್ಚದೆ ಬಿದ್ದಿತ್ತು. ಇಪ್ಪತ್ತೆರಡು ಜನರಲ್ಲಿ ಒಬ್ಬರಿಗೂ ಅದನ್ನು ಮುಟ್ಟುವ ಮನಸ್ಸಾಗಲಿಲ್ಲ.

ಎರಡೂ ಇಪ್ಪತ್ತಕ್ಕೆ ಲಾಲಬಿ ಕಿರುಚಿದಳು. “ತೂತು ಬಿತ್ತು! ಯಾ ಅಲ್ಲಾ, ಆ ಕಡಿಂದ ಒಲಿ ಊದಿದಂಗ ಝಳ ಬರ್ಲಿಕತ್ತದ.”

“ಅಕ್ಕ ಕಾಣ್ತಾಳೇನು?”

“ಕತ್ತಲದ. ಕೈ ಹಾಕ್ತೀನಿ, ತಡಿ.”

ತೂತು ಊಟದ ತಟ್ಟೆಯಷ್ಟಿತ್ತು. ಅದಕ್ಕಿಂತ ದೊಡ್ಡದಾಗಲು ಅಡಿಪಾಯದ ಗುಂಡುಕಲ್ಲು ಬಿಡಲಿಲ್ಲ. ರೇವಮ್ಮ ದೊಡ್ಡ ಮೈಯವಳು, ಅದರೊಳಗಿಂದ ಬರುವ ಮಾತೇ ಇರಲಿಲ್ಲ. ಲಾಲಬಿ ನೆಲಕ್ಕೆ ಬೋರಲು ಮಲಗಿ ಭುಜದವರೆಗೆ ಕೈ ತೂರಿಸಿದಳು.

“ಕೂದಲ ಸಿಕ್ತು. ಹಣಿ ಸಿಕ್ತು. ಸುಡ್ಲಿಕತ್ತದ ಬೇಟಿ... ಉಸುರದ. ಉಸುರದ!”

ಮಹಾನಂದಾ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಅತ್ತು ಮುಗಿಸಿ ಏನು ಮಾಡಬೇಕೆಂದು ಹೇಳಿದಳು. ಒದ್ದೆ ಬಟ್ಟೆ ದಾಟಿಸಿರಿ, ಕೊರಳಿಗೆ, ಕಂಕುಳಿಗೆ ಇಡಿರಿ, ನಿಮ್ಮ ಫ್ಯಾನನ್ನು ತೂತಿನ ಬಾಯಿಗೆ ಹಿಡಿಯಿರಿ. ಸಂಜೆ ಆರರವರೆಗೆ ಒಂಬತ್ತು ಹೆಂಗಸರು ಸರದಿಯಂತೆ ಆ ನೆಲದ ಮೇಲೆ ಮಲಗಿ, ತೂತಿನಲ್ಲಿ ಕೈಯಿಟ್ಟು, ಬಟ್ಟೆ ಬದಲಿಸಿದರು. ನಾಲ್ಕರ ಸುಮಾರಿಗೆ ರೇವಮ್ಮ ಆಗ ಸರದಿಯಲ್ಲಿದ್ದ ಚಂದವ್ವನ ಬೆರಳು ಹಿಡಿದುಕೊಂಡು, “ಯಾರು?” ಎಂದಳಂತೆ. ಅದನ್ನು ಒಬ್ಬರಾದ ಮೇಲೆ ಒಬ್ಬರು ಬಂದು ಫೋನಿನಲ್ಲಿ ಹೇಳಿದರು. ಮಹಾನಂದಾ ಪ್ರತಿ ಸಲವೂ ಹೊಸದಾಗಿ ಕೇಳಿದಳು.

ಆರಕ್ಕೆ ಐದು ನಿಮಿಷವಿರುವಾಗ ದಿನದ ವರದಿ ಬಂತು. ಕುಂಬಾರ ಓಣಿ: ಸಾವು ಸೊನ್ನೆ. ಲೋಪ ಸೊನ್ನೆ. ಖಾಲಿ ಮನೆಗಳು ಒಂಬತ್ತು.

“ಇದನ್ನ ಕೈಯಿಂದ ತಿದ್ದೂಣು ಸರ್,” ಎಂದಳು. “ನಾಳಿನ ಲೆಕ್ಕಕ್ಕ ಆ ಒಂಬತ್ತು ಮನಿ ಸೇರಲಿ.”

ಸಿದ್ರಾಮಪ್ಪ ಕನ್ನಡಕ ಒರೆಸಿಕೊಂಡರು. “ಕೈಯಿಂದ ಬರದದ್ದನ್ನ ಅದು ಒಪ್ಪಂಗಿಲ್ರಿ. ನೀವೇ ಬಂದ್ ಮಾಡ್ಸಿದ್ದು. ನಿಯಮ ಬದಲಾಗಬೇಕಂದ್ರ ಸಮಿತಿ ಕೂಡಬೇಕು, ಹದಿನೈದು ದಿನ ಬೇಕು.” ಕನ್ನಡಕ ಹಾಕಿಕೊಂಡು ಹೇಳಿದರು. “ನಾಳೆ ಅಗಳಿ ಹತ್ತಕ್ಕೇ ಬೀಳ್ತದ. ನಿಮ್ಮ ಗೋಡಿ ಮಾತು ರೆಕಾರ್ಡಿನಾಗ ಅದ. ನಾ ಅಂತೂ ಕೇಳ್ಸಿಕೊಂಡಿಲ್ಲ.”

ಓಣಿಗೆ ಬಂದಾಗ ರೇವಮ್ಮ ಲಾಲಬಿಯ ಕಟ್ಟೆಯ ಮೇಲೆ ಒದ್ದೆ ಸೀರೆಯಲ್ಲಿ ಕೂತಿದ್ದಳು. ತುಟಿ ಒಡೆದಿದ್ದವು. ಲಾಲಬಿಯ ತೋಳು ಭುಜದಿಂದ ಮಣಿಕಟ್ಟಿನವರೆಗೆ ತರಚಿ ಹೋಗಿತ್ತು. ಮಹಾನಂದಾ ಅಕ್ಕನ ಕಾಲ ಬಳಿ ಕುಸಿದು ಕೂತಳು.

“ಕೀಲಿ ತಿರುಗಿಸಲಿಕ್ಕೆ ಆಗಲಿಲ್ಲಕ್ಕ.”

“ತಿರುಗಿಸಿದ್ರ ನಾ ನಿನ್ನ ಮಾರಿ ನೋಡ್ತಿದ್ದಿಲ್ಲ,” ಎಂದಳು ರೇವಮ್ಮ. ಆದರೆ ಅದನ್ನು ಹೇಳುವಾಗ ತಂಗಿಯ ಮುಖ ನೋಡಲಿಲ್ಲ. ಆ ನೋಡದಿದ್ದುದು ಮಹಾನಂದಾಗೆ ನಾಟಿತು.

ಹೇಳಲೇಬೇಕಾದ ಮಾತು ಇನ್ನೂ ಇತ್ತು. ಹೆಂಗಸರೆಲ್ಲ ಸೇರಿದ್ದರು. ಅವಳು ತಲೆ ತಗ್ಗಿಸಿಯೇ ಹೇಳಿದಳು: ಇವತ್ತಿನಿಂದ ಪ್ರತಿಯೊಬ್ಬರೂ ತಂತಮ್ಮ ಮಾಳಿಗೆಯ ಮೇಲೇ ಮಲಗಬೇಕು. ಬೆಳಗಿನ ಜಾವ ನಾಲ್ಕಕ್ಕೆ ಮೈ ಅಲ್ಲಿರಬೇಕು. ಇಲ್ಲದಿದ್ದರೆ ಮನೆಗೆ ನೀರಿಲ್ಲ.

“ನಮ್ಮ ಮಾಳಿಗಿ ಮ್ಯಾಲ ಗಾಳಿ ಇಲ್ಲ,” ಎಂದಳು ಚಂದವ್ವ. “ಒಬ್ಬಾಕಿನೇ ಹೆಂಗ ಮಲಗಲಿ? ಈ ವಯಸ್ಸಿನಾಗ ಮಾತಿಲ್ಲ ಕತಿಯಿಲ್ಲ.”

“ನಿಮ್ಮ ಮಿಷಿನ್ನು ಬಂದು ನಮ್ಮನ್ನ ಕೇಳಲಿ,” ಎಂದಳು ಲಾಲಬಿ. “ಎಷ್ಟು ಮಂದಿ, ಎಲ್ಲಿ ಅಂತ.”

“ಕೇಳಿದ್ದೆವಲ್ಲ ಖಾಲಾ. ಎಲ್ಲರೂ ಸುಳ್ಳು ಹೇಳಿದ್ರಿ.”

“ಹೇಳಿದ್ವಿ. ಸಾಯೋ ಹೆದರಿಕಿ ಇತ್ತು, ಹೇಳಿದ್ವಿ. ಒಂದು ಸಲ ಸುಳ್ಳು ಹೇಳಿದ್ರ ಜಲಮಪೂರ್ತಿ ಕೇಳಂಗಿಲ್ಲೇನು?”

ಸಮಿತಿಯ ಮುಂದೆ ಇದೇ ಮಾತನ್ನು ಹೇಳಬೇಕು, ಹೇಳುತ್ತೇನೆ ಎಂದುಕೊಂಡಳು ಮಹಾನಂದಾ. ಆದರೆ ನಡುವೆ ಹದಿನೈದು ದಿನವಿತ್ತು.

ಮುಸ್ಸಂಜೆಯಲ್ಲಿ ಹೆಂಗಸರು ಲಾಲಬಿಯ ಮಾಳಿಗೆಯಿಂದ ಒಬ್ಬೊಬ್ಬರೇ ತಂತಮ್ಮ ಚಾಪೆ, ಕೌದಿಗಳನ್ನು ಇಳಿಸಿಕೊಂಡರು. ಯಾರೂ ಜಗಳವಾಡಲಿಲ್ಲ, ಜಗಳವಾಡಿದ್ದರೆ ಮಹಾನಂದಾಗೆ ಒಳ್ಳೆಯದಿತ್ತು. ಅವಳು ಅಕ್ಕನನ್ನು ತೋಳು ಹಿಡಿದು ಐವತ್ತೇಳರ ಮೆಟ್ಟಿಲು ಹತ್ತಿಸಿದಳು. ಮಾಳಿಗೆಯ ಕಲ್ಲಿನಲ್ಲಿ ಇನ್ನೂ ಕಾವಿತ್ತು, ಗಾಳಿಯ ಸುಳಿವಿರಲಿಲ್ಲ. ಗೋಪುರ ಹೊಳೆಗೆ ಅಡ್ಡ ನಿಂತಿತ್ತು. ಸುತ್ತಲಿನ ಮಾಳಿಗೆಗಳ ಮೇಲೆ ಒಂದೊಂದು ಚಾಪೆ, ಚಾಪೆಗೊಬ್ಬ ಹೆಂಗಸು ಗೋಪುರದ ಕಡೆ ಮುಖ ಮಾಡಿ ಕೂತಿದ್ದಳು. ಯಾರಿಗೂ ಮಲಗುವ ಮನಸ್ಸಿರಲಿಲ್ಲ.

ಆಮೇಲೆ ದಿಬ್ಬದ ಮೇಲಿನ ಮಾಳಿಗೆಯಿಂದ ಲಾಲಬಿ ಕೂಗಿದಳು.

“ಚಂದವ್ವಾ, ಅದೀ ಏನು?”

“ಅದೀನಿ!” ಎಂದು ಮೂರು ಮನೆಯಾಚೆಯಿಂದ ಬಂತು.

“ಈರವ್ವಾ?”

“ಅದೀನಿ. ಕೂಸೂ ಅದ, ಮಲಗೇದ.”

ಹೆಸರು ಮಾಳಿಗೆಯಿಂದ ಮಾಳಿಗೆಗೆ ಹೋಯಿತು, ಪ್ರತಿಯೊಬ್ಬರೂ ಓಗೊಟ್ಟರು. ರೇವಮ್ಮನ ಹೆಸರು ಬಂದಾಗ ಒಡೆದ ತುಟಿಯಲ್ಲೇ ಜೋರಾಗಿ “ಅದೀನಿ” ಎಂದಳು. ಎಲ್ಲೆಲ್ಲೋ ಕೆಲವರು ನಕ್ಕರು, ಒಬ್ಬಳು ಅತ್ತಳು.

“ಮಾನಂದಾ?” ಎಂದಿತು ಲಾಲಬಿಯ ದನಿ. “ಮಾನಂದಾ ಅದಾಳೇನು?”

ಮಹಾನಂದಾ ಬಾಯಿ ತೆರೆದಳು. ಮತ್ತೆ ಮುಚ್ಚಿ ಅಕ್ಕನ ಚಾಪೆಯ ಅಂಚಿಗೆ ಸರಿದು ಕೂತಳು. ಲಾಲಬಿ ಮತ್ತೊಮ್ಮೆ ಕೂಗಿದಳು. ರೇವಮ್ಮ ಕತ್ತಲಿನಲ್ಲೇ ಕೈ ಚಾಚಿ ತಂಗಿಯ ತಲೆ ತಡವಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

“ಅದಾಳ. ನನ್ನ ಹತ್ರನ ಅದಾಳ.”